ಹೆಸರು ಹೇಳಬಾರದ ಬೇನೆಯೂ ಮದರಾಸಿನ ಡಾಕ್ಟರಮ್ಮನೂ

ಹಿಂದೂಪುರದ ಕನ್ನಡಿಗರಿಗೆ ಬೆಂಗಳೂರು ಹತ್ತಿರ. ಬೆಳಗಿನ ರೈಲು ಹಿಡಿದು ಹೋದವರು ಕೆಲಸ ಮುಗಿಸಿಕೊಂಡು ರಾತ್ರಿಯ ಊಟಕ್ಕೆ ಮನೆಗೆ ಬರುತ್ತಾರೆ. ಆದರೂ 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾಗುವವರೆಗೆ ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗಗಳಿಗೆ ಕಾನೂನು ಬರುತ್ತಿದ್ದುದು ದೂರದ ಮದರಾಸಿನಿಂದ. ಬಳ್ಳಾರಿಗೂ ಅಲ್ಲಿಂದಲೇ, ಕಾಸರಗೋಡನ್ನು ಒಳಗೊಂಡಿದ್ದ ದಕ್ಷಿಣ ಕನ್ನಡ ಜಿಲ್ಲೆಗೂ ಅಲ್ಲಿಂದಲೇ. ಆ ಪ್ರಾಂತದ ಶಾಸನಸಭೆಯಲ್ಲಿ ಮೊದಲ ಬಾರಿಗೆ ಕುಳಿತ ಹೆಣ್ಣುಮಗಳು ಒಬ್ಬ ವೈದ್ಯೆ, ಡಾ. ಮುತ್ತುಲಕ್ಷ್ಮಿ ರೆಡ್ಡಿ. ಅವರು ತಮಿಳು ನಾಡಿನವರು; ನಮ್ಮ ಕಡೆಯ ಪಠ್ಯಪುಸ್ತಕಗಳಲ್ಲಿ ಅವರ ಹೆಸರು ಬಂದರೂ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಆದರೆ ಅವರು ಕೈಹಾಕಿದ ಕೆಲಸದ ಬೇರುಗಳು ಕಲ್ಯಾಣದುರ್ಗದ ಹಳ್ಳಿಗಳವರೆಗೂ ಹಬ್ಬಿದ್ದವು. ಆ ಕೆಲಸದ ಒಂದು ಮುಖ ದೇವರಿಗೆ ಹೆಣ್ಣು ಬಿಡುವ ಪದ್ಧತಿ. ಇನ್ನೊಂದು ಮುಖ ನಾವು ಇಂದಿಗೂ ಗಟ್ಟಿಯಾಗಿ ಹೆಸರಿಸದ ಬೇನೆ.

ಹೆಸರಿನ ಮಾತು ಬಂದುದರಿಂದ ಅದನ್ನೇ ಮೊದಲು ಮುಗಿಸೋಣ. ಸಿಫಿಲಿಸ್ ಎಂಬುದನ್ನು ನಮ್ಮ ಪಂಡಿತರು ಉಪದಂಶವೆಂದರು, ಜನರು ಫಿರಂಗಿ ರೋಗವೆಂದರು. ಹದಿನಾರನೆಯ ಶತಮಾನದ ಭಾವಮಿಶ್ರನ ವೈದ್ಯಗ್ರಂಥದಲ್ಲಿ ಅದಕ್ಕೆ ಫಿರಂಗ ರೋಗವೆಂದೇ ಹೆಸರು. ಪೋರ್ಚುಗೀಸರ ಹಡಗುಗಳೊಡನೆ ಬಂದ ಬೇನೆಗೆ ಅವರ ಹೆಸರೇ ಅಂಟಿತು. ಔಷಧವೂ ಆಗಲೇ ಗೊತ್ತಾಗಿತ್ತು: ಪಾದರಸದಿಂದ ಮಾಡಿದ ರಸಕರ್ಪೂರ, ಚೀನಾದಿಂದ ಬರುತ್ತಿದ್ದ ಪರಂಗಿ ಚಕ್ಕೆ. ಗಾಂಧಿಯವರ ಕಾಲದವರೆಗೂ ನಾಟಿ ವೈದ್ಯರು ಇವನ್ನೇ ಕೊಡುತ್ತಿದ್ದರು. ಪಾದರಸ ಹೆಚ್ಚಾದರೆ ರೋಗಿಯ ಬಾಯಲ್ಲಿ ಜೊಲ್ಲು ಸುರಿಯುತ್ತಿತ್ತು, ಹಲ್ಲು ಸಡಿಲುತ್ತಿದ್ದವು. ನೆರೆಯ ತೆಲುಗಿನಲ್ಲಿ ಈ ಬಗೆಯ ರೋಗಗಳಿಗೆಲ್ಲ ಸುಖವ್ಯಾಧಿ ಎನ್ನುತ್ತಾರೆ. ಗಡಿಯ ಕನ್ನಡಿಗರ ಬಾಯಿಗೂ ಆ ಮಾತು ಬಂದಿದೆ. ಗಂಡನಿಂದ ಬೇನೆ ಪಡೆದು, ಸತ್ತ ಮಗುವನ್ನು ಹೆತ್ತ ಹೆಂಗಸಿಗೆ ಅದರಲ್ಲಿ ಯಾವ ಸುಖ ಸಿಕ್ಕಿತ್ತೋ ಆ ಪದ ಕಟ್ಟಿದವರೇ ಹೇಳಬೇಕು.

ಮುತ್ತುಲಕ್ಷ್ಮಿ ಹುಟ್ಟಿದ್ದು 1886ರ ಜುಲೈ 30ರಂದು, ಪುದುಕ್ಕೋಟ್ಟೈ ಸಂಸ್ಥಾನದಲ್ಲಿ. ತಂದೆ ನಾರಾಯಣಸ್ವಾಮಿ ಅಯ್ಯರ್ ಅಲ್ಲಿಯ ಮಹಾರಾಜ ಕಾಲೇಜಿನ ಪ್ರಾಂಶುಪಾಲರು. ತಾಯಿ ಚಂದ್ರಮ್ಮಾಳ್ ದೇವದಾಸಿ ಮನೆತನದವರು. ಆ ಮದುವೆಗಾಗಿ ತಂದೆಯ ಕಡೆಯವರು ಅವರನ್ನು ದೂರವಿಟ್ಟರು. ತಂದೆಯ ವಿದ್ಯೆ, ತಾಯಿಯ ಮನೆತನದ ಕಳಂಕವೆಂದು ಲೋಕ ಬಗೆದದ್ದು, ಇವೆರಡೂ ಮಗಳ ಜೊತೆಗೇ ಬೆಳೆದವು. ಮೆಟ್ರಿಕ್ಯುಲೇಷನ್ ಮುಗಿಸಿದ ಹುಡುಗಿ ಗಂಡುಮಕ್ಕಳ ಮಹಾರಾಜ ಕಾಲೇಜಿಗೆ ಅರ್ಜಿ ಹಾಕಿದಾಗ ಊರಿನ ಪ್ರಮುಖರು ವಿರೋಧಿಸಿದರು. ಹೆಣ್ಣು ಬಂದರೆ ಹುಡುಗರು ಕೆಡುತ್ತಾರೆಂಬುದು ಒಂದು ಕಾರಣ. ತಾಯಿಯ ಕುಲ ಇನ್ನೊಂದು. ಮಹಾರಾಜರು ಆ ಮಾತಿಗೆ ಕಿವಿಗೊಡದೆ ಪ್ರವೇಶ ಕೊಡಿಸಿದರು. 1907ರಲ್ಲಿ ಅವರು ಮದರಾಸು ವೈದ್ಯಕೀಯ ಕಾಲೇಜನ್ನು ಸೇರಿದರು, 1912ರಲ್ಲಿ ಪದವಿ ಪಡೆದರು.

ಈ ಐದು ವರ್ಷಗಳನ್ನು ವೈದ್ಯಶಾಸ್ತ್ರದ ಇತಿಹಾಸದ ಪಕ್ಕದಲ್ಲಿ ಇಟ್ಟು ನೋಡಬೇಕು. ಸಿಫಿಲಿಸ್ಸಿಗೆ ಕಾರಣವಾದ, ತಿರುಪಿನ ಆಕಾರದ ಸೂಕ್ಷ್ಮಜೀವಿಯನ್ನು ಜರ್ಮನಿಯ ಶೌಡಿನ್ ಮತ್ತು ಹಾಫ್‌ಮನ್ ಕಂಡದ್ದು 1905ರಲ್ಲಿ. ರಕ್ತದಿಂದ ಅದನ್ನು ಪತ್ತೆ ಹಚ್ಚುವ ವಾಸರ್‌ಮನ್ ಪರೀಕ್ಷೆ ಬಂದದ್ದು 1906ರಲ್ಲಿ. ಪೌಲ್ ಎರ್ಲಿಖ್ ಮತ್ತು ಜಪಾನಿನ ಹಾಟಾ ಸಿದ್ಧಪಡಿಸಿದ, ಪಾಷಾಣವನ್ನು ಒಳಗೊಂಡ ಸಾಲ್ವರ್ಸಾನ್ ಎಂಬ ಮದ್ದು ಮಾರುಕಟ್ಟೆಗೆ ಬಂದದ್ದು 1910ರಲ್ಲಿ. ನಾಲ್ಕು ನೂರು ವರ್ಷ ಪಾಪದ ಫಲವೆಂದು ಎಲ್ಲರೂ ಹೇಳುತ್ತಿದ್ದುದಕ್ಕೆ ಒಂದು ಜೀವಿ, ಒಂದು ಪರೀಕ್ಷೆ, ಒಂದು ಮದ್ದು ದೊರಕಿದ್ದು ಮುತ್ತುಲಕ್ಷ್ಮಿ ವಿದ್ಯಾರ್ಥಿನಿಯಾಗಿದ್ದ ಹೊತ್ತಿನಲ್ಲೇ. ಆ ತಲೆಮಾರಿನ ವೈದ್ಯರು ಈ ರೋಗವನ್ನು ಹಿರಿಯರಂತೆ ನೋಡಲಿಲ್ಲ. ಅವರಿಗೆ ಅದು ತಡೆಯಬಹುದಾದ ರೋಗ. ತಡೆಯದಿದ್ದರೆ ಯಾರೋ ತಪ್ಪು ಮಾಡಿದ್ದಾರೆ ಎಂದು ಅರ್ಥ.

ಪದವಿಯ ನಂತರ ಅವರು ಮದರಾಸಿನ ಸರಕಾರಿ ಹೆರಿಗೆ ಮತ್ತು ಕಣ್ಣಿನ ಆಸ್ಪತ್ರೆಯ ಮೊದಲ ಮಹಿಳಾ ಹೌಸ್ ಸರ್ಜನ್ ಆದರು. ಹೆರಿಗೆ ಮತ್ತು ಕಣ್ಣು ಎಂಬ ಈ ಜೋಡಿ ಓದುಗರಿಗೆ ಕಾಕತಾಳೀಯವೆಂದು ತೋರಬಹುದು. ಲೈಂಗಿಕ ರೋಗಗಳ ವಿಷಯದಲ್ಲಿ ಅದು ಹಾಗಲ್ಲ. ತಾಯಿಗೆ ಗೊನೊರಿಯ ಇದ್ದರೆ ಹೆರಿಗೆಯ ದಾರಿಯಲ್ಲೇ ಕೂಸಿನ ಕಣ್ಣಿಗೆ ಸೋಂಕು ತಗಲುತ್ತದೆ. ಎರಡು ಮೂರು ದಿನಗಳಲ್ಲಿ ರೆಪ್ಪೆ ಊದಿ ಕೀವು ತುಂಬುತ್ತದೆ, ಉಪಚಾರವಾಗದಿದ್ದರೆ ದೃಷ್ಟಿಯೇ ಹೋಗುತ್ತದೆ. ಹುಟ್ಟಿದ ಕೂಡಲೇ ಕಣ್ಣಿಗೆ ಸಿಲ್ವರ್ ನೈಟ್ರೇಟ್ ದ್ರಾವಣದ ಹನಿ ಹಾಕಿದರೆ ಇದನ್ನು ತಡೆಯಬಹುದೆಂದು ಜರ್ಮನಿಯ ಕ್ರೇಡೆ 1880ರ ಸುಮಾರಿಗೇ ತೋರಿಸಿದ್ದರು. ಸೂಲಗಿತ್ತಿಯರೇ ಹೆರಿಗೆ ಮಾಡಿಸುತ್ತಿದ್ದ ನಮ್ಮ ಹಳ್ಳಿಗಳಿಗೆ ಆ ಹನಿ ಎಲ್ಲಿಂದ ಬರಬೇಕು? ಸಿಫಿಲಿಸ್ಸಿನ ಕಥೆ ಬೇರೆ. ಮೊದಲು ನೋವಿಲ್ಲದ ಒಂದು ಹುಣ್ಣು, ಅದು ತಾನಾಗಿ ಮಾಯುತ್ತದೆ. ಆಮೇಲೆ ಅಂಗೈ ಅಂಗಾಲುಗಳಲ್ಲಿಯೂ ಕಾಣುವ ಗಂಧೆ, ಅದೂ ಹೋಗುತ್ತದೆ. ಗುಣವಾಯಿತೆಂದು ಗಂಡಸು ಮದುವೆಯಾಗುತ್ತಾನೆ. ಬಸಿರು ನಿಲ್ಲುವುದಿಲ್ಲ, ನಿಂತರೆ ಕೂಸು ಸತ್ತು ಹುಟ್ಟುತ್ತದೆ, ಬದುಕಿದರೆ ಮೈತುಂಬ ರೋಗ ಹೊತ್ತು ಬರುತ್ತದೆ. ಊರು ಬಂಜೆಯೆಂದೋ ಶಾಪಗ್ರಸ್ತಳೆಂದೋ ಕರೆಯುವುದು ಹೆಂಡತಿಯನ್ನು. ಹೆರಿಗೆ ಕೋಣೆಯಲ್ಲಿ ಕೆಲಸ ಮಾಡಿದ ವೈದ್ಯೆಗೆ ಈ ಲೆಕ್ಕಾಚಾರದ ತಪ್ಪು ಅರ್ಥವಾಗದೆ ಇರುವುದು ಸಾಧ್ಯವಿರಲಿಲ್ಲ.

ಸರಕಾರಕ್ಕೂ ಈ ರೋಗದ ಚಿಂತೆ ಇತ್ತು, ಆದರೆ ಅದು ಸಿಪಾಯಿಗಳ ಚಿಂತೆ. 1868ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಪ್ರಕಾರ ದಂಡಿನ ಊರುಗಳಲ್ಲಿ ವೇಶ್ಯೆಯರೆಂದು ನೋಂದಾಯಿಸಲ್ಪಟ್ಟ ಹೆಂಗಸರನ್ನು ಬಲವಂತವಾಗಿ ಪರೀಕ್ಷಿಸಿ, ರೋಗ ಕಂಡರೆ ಲಾಕ್ ಆಸ್ಪತ್ರೆಗಳಲ್ಲಿ ಕೂಡಿಹಾಕುತ್ತಿದ್ದರು. ಬೆಂಗಳೂರು ದಂಡಿನಲ್ಲೂ ಬಳ್ಳಾರಿಯಲ್ಲೂ ಇಂಥ ಆಸ್ಪತ್ರೆಗಳಿದ್ದವು. ಅವರ ಬಳಿಗೆ ಬಂದ ಗಂಡಸರನ್ನು ಹಾಗೆ ಹಿಡಿದು ಪರೀಕ್ಷಿಸಲಿಲ್ಲ. ಇಂಗ್ಲೆಂಡಿನಲ್ಲಿ ಜೋಸೆಫೀನ್ ಬಟ್ಲರ್ ಮೊದಲಾದವರ ಹೋರಾಟದ ಒತ್ತಡದಿಂದ 1888ರಲ್ಲಿ ಈ ಕಾಯ್ದೆ ರದ್ದಾಯಿತು. ಕಾಯ್ದೆ ಹೋದರೂ, ರೋಗ ಹೆಣ್ಣಿನದು, ಅಪಾಯ ಗಂಡಸಿನದು ಎಂಬ ತಿಳಿವಳಿಕೆ ಹೋಗಲಿಲ್ಲ.

1914ರಲ್ಲಿ ಮುತ್ತುಲಕ್ಷ್ಮಿ ಡಾ. ಸುಂದರ ರೆಡ್ಡಿಯವರನ್ನು ಮದುವೆಯಾದರು. ತನ್ನನ್ನು ಸಮಾನಳೆಂದು ಕಾಣಬೇಕು, ತನ್ನ ಕೆಲಸಕ್ಕೆ ಅಡ್ಡಿ ಬರಬಾರದು ಎಂಬ ಕರಾರಿನ ಮೇಲೆ ನಡೆದ ಮದುವೆ ಅದು; ಗಂಡ ಆ ಕರಾರನ್ನು ಉಳಿಸಿಕೊಂಡರು. ಇಬ್ಬರು ಗಂಡುಮಕ್ಕಳು ಹುಟ್ಟಿದರು. 1925ರಲ್ಲಿ ಸರಕಾರದ ವಿದ್ಯಾರ್ಥಿವೇತನದ ಮೇಲೆ ಲಂಡನ್ನಿಗೆ ಹೋಗಿ ಹೆಂಗಸರ ಹಾಗೂ ಮಕ್ಕಳ ರೋಗಗಳನ್ನು ಇನ್ನಷ್ಟು ಅಭ್ಯಾಸ ಮಾಡಿದರು, 1926ರಲ್ಲಿ ಪ್ಯಾರಿಸ್ಸಿನ ಅಂತರರಾಷ್ಟ್ರೀಯ ಮಹಿಳಾ ಸಮ್ಮೇಳನದಲ್ಲಿ ಪಾಲುಗೊಂಡರು. ಹಿಂದಿರುಗಿದ ಮೇಲೆ ಮಹಿಳಾ ಸಂಘಟನೆಗಳ ಒತ್ತಾಯದಿಂದ ಮದರಾಸು ಶಾಸನಸಭೆಗೆ ನಾಮಕರಣಗೊಂಡರು. ರೋಗಿಗಳನ್ನು ಬಿಟ್ಟು ಬರಲು ಅವರಿಗೆ ಮನಸ್ಸಿರಲಿಲ್ಲವೆಂಬುದು ಪ್ರಸಿದ್ಧವೇ ಇದೆ. 1927ರಲ್ಲಿ ಸಭೆ ಅವರನ್ನು ಸರ್ವಾನುಮತದಿಂದ ಉಪಾಧ್ಯಕ್ಷೆಯನ್ನಾಗಿ ಆರಿಸಿತು.

ಅದೇ ವರ್ಷ ಅವರು ದೇವಸ್ಥಾನಗಳಿಗೆ ಹೆಣ್ಣುಮಕ್ಕಳನ್ನು ಅರ್ಪಿಸುವ ಪದ್ಧತಿಯನ್ನು ನಿಲ್ಲಿಸಬೇಕೆಂಬ ಠರಾವನ್ನು ಮಂಡಿಸಿದರು. ಅವರ ವಾದದಲ್ಲಿ ಧರ್ಮದ ಮಾತಿತ್ತು, ನ್ಯಾಯದ ಮಾತಿತ್ತು. ವೈದ್ಯೆಯ ಮಾತೂ ಇತ್ತು. ಏನೂ ಅರಿಯದ ವಯಸ್ಸಿನ ಹುಡುಗಿಯ ಕೊರಳಿಗೆ ತಾಳಿ ಕಟ್ಟಿ, ಮುಂದೆ ಅವಳ ಮೈಗೆ ಬರುವ ರೋಗಕ್ಕೆ ಅವಳನ್ನೇ ಹೊಣೆ ಮಾಡುವುದು ಅವರಿಗೆ ಸಹಿಸದ ಸಂಗತಿಯಾಗಿತ್ತು. ವಿರೋಧಿಸಿದವರಲ್ಲಿ ಕಾಂಗ್ರೆಸ್ಸಿನ ದೊಡ್ಡ ವಾಗ್ಮಿ ಸತ್ಯಮೂರ್ತಿಯವರಿದ್ದರು. ಬೆಂಬಲಕ್ಕೆ ಗಾಂಧಿ ನಿಂತರು, ಅವರೊಡನೆ ಹಲವು ವಿಷಯಗಳಲ್ಲಿ ಒಪ್ಪದ ಪೆರಿಯಾರ್ ಕೂಡ ನಿಂತರು. 1929ರಲ್ಲಿ ಹಿಂದೂ ಧಾರ್ಮಿಕ ದತ್ತಿ ಕಾಯ್ದೆಗೆ ತಿದ್ದುಪಡಿಯಾಯಿತು. ದೇವಾಲಯದ ಸೇವೆಗಾಗಿ ಇನಾಮು ಜಮೀನು ಪಡೆದಿದ್ದ ಹೆಂಗಸರು ಸೇವೆಯನ್ನು ಬಿಟ್ಟರೂ ಜಮೀನು ಅವರಲ್ಲೇ ಉಳಿಯುವಂತಾಯಿತು. ಹೊಟ್ಟೆಯ ದಾರಿಯನ್ನು ತೋರಿಸದೆ ಪದ್ಧತಿಯನ್ನು ಬಿಡು ಎಂದು ಹೇಳಬಾರದೆಂಬ ವಿವೇಕ ಈ ತಿದ್ದುಪಡಿಯಲ್ಲಿದೆ. ಮೈಸೂರು ಸಂಸ್ಥಾನ 1909ರಲ್ಲೇ ತನ್ನ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸಿತ್ತು. ಹಿಂದೂಪುರದ ಆಚೆ ಗೌರಿಬಿದನೂರಿನಲ್ಲಿ ಒಂದು ನ್ಯಾಯ, ಈಚೆ ಇನ್ನೊಂದು. ಗಡಿಯವರಿಗೆ ಇದು ಹೊಸ ಅನುಭವವೇನಲ್ಲ.

ಈಗ ನಮ್ಮ ಹಳ್ಳಿಗಳಿಗೆ ಬರೋಣ. ಅನಂತಪುರ ಜಿಲ್ಲೆ 1882ರವರೆಗೆ ಬಳ್ಳಾರಿ ಜಿಲ್ಲೆಯ ಭಾಗವಾಗಿತ್ತು. ಕಲ್ಯಾಣದುರ್ಗ, ರಾಯದುರ್ಗ, ಬಳ್ಳಾರಿಗಳ ಸೀಮೆಯಲ್ಲಿ ದೊಡ್ಡ ದೇವಾಲಯಗಳ ದೇವದಾಸಿಯರಿಗಿಂತ ಹೆಚ್ಚಾಗಿ ಇದ್ದವರು ಬಸವಿಯರು. ಗಂಡುಮಕ್ಕಳಿಲ್ಲದ ಮನೆಯವರು, ಹೆಚ್ಚಾಗಿ ಬೇಡ, ಮಾದಿಗ ಮೊದಲಾದ ಸಮುದಾಯಗಳ ಬಡವರು, ಒಬ್ಬ ಮಗಳನ್ನು ದೇವರ ಹೆಸರಿನಲ್ಲಿ ಬಸವಿ ಬಿಡುತ್ತಿದ್ದರು. ಅವಳು ಮದುವೆಯಾಗುವಂತಿಲ್ಲ, ಆದರೆ ಮಗನ ಸ್ಥಾನ ಅವಳದು. ತಂದೆಯ ಆಸ್ತಿ ಅವಳಿಗೆ, ತಂದೆಯ ಉತ್ತರಕ್ರಿಯೆ ಅವಳಿಂದ, ಅವಳ ಮಕ್ಕಳು ತಂದೆಯ ಮನೆಯ ಹೆಸರಿಗೆ. ಅವಳಿಗೆ ಇನಾಮು ಜಮೀನಿಲ್ಲ, ಗೆಜ್ಜೆಯಿಲ್ಲ, ಸಂಗೀತವಿಲ್ಲ. ಹೊಲದ ಕೂಲಿ, ಮುಪ್ಪಿನ ತಂದೆತಾಯಿ, ಊರಿನ ಬಲಿಷ್ಠರ ಕಣ್ಣು. 1929ರ ತಿದ್ದುಪಡಿ ಇನಾಮಿಗೆ ಸಂಬಂಧಿಸಿದ್ದರಿಂದ ಅವಳ ಬದುಕಿನ ಒಂದು ಎಳೆಯೂ ಅಲುಗಲಿಲ್ಲ. ಮುತ್ತುಲಕ್ಷ್ಮಿಯವರ ಕಾಯ್ದೆಯ ದೊಡ್ಡ ಕೊರತೆ ಇದೇ ಎಂದು ನನ್ನ ಅಭಿಪ್ರಾಯ. ತಂಜಾವೂರಿನ ದೇವಾಲಯ ಕಣ್ಣಮುಂದಿದ್ದವರಿಗೆ ಕಲ್ಯಾಣದುರ್ಗದ ಗುಡಿಸಲು ಕಾಣುವುದು ಸುಲಭವಿರಲಿಲ್ಲ.

ಅವರಿಗೆ ಎದುರಾಗಿ ನಿಂತ ಇನ್ನೊಬ್ಬ ಹೆಣ್ಣುಮಗಳು ಕನ್ನಡ ನಾಡಿನವರು. ಬೆಂಗಳೂರು ನಾಗರತ್ನಮ್ಮ 1878ರಲ್ಲಿ ನಂಜನಗೂಡಿನಲ್ಲಿ ದೇವದಾಸಿ ಪುಟ್ಟಲಕ್ಷ್ಮಿಯವರ ಮಗಳಾಗಿ ಹುಟ್ಟಿ, ಮದರಾಸಿನಲ್ಲಿ ಹಾಡಿ ಹೆಸರು ಗಳಿಸಿದವರು, ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿ ಮಂದಿರವನ್ನು ತಮ್ಮ ದುಡ್ಡಿನಲ್ಲಿ ಕಟ್ಟಿಸಿದವರು. ಮುದ್ದುಪಳನಿ ಎಂಬ ದೇವದಾಸಿ ಬರೆದ ತೆಲುಗು ಶೃಂಗಾರಕಾವ್ಯ ರಾಧಿಕಾ ಸಾಂತ್ವನವನ್ನು 1910ರಲ್ಲಿ ಅಚ್ಚು ಹಾಕಿಸಿದ್ದಕ್ಕೆ ಸರಕಾರ ಅಶ್ಲೀಲವೆಂದು ಆ ಪ್ರತಿಗಳನ್ನು ವಶಪಡಿಸಿಕೊಂಡಿತ್ತು. ಮುತ್ತುಲಕ್ಷ್ಮಿಯವರ ಪ್ರಯತ್ನ ಆರಂಭವಾದಾಗ ಮದರಾಸು ಪ್ರಾಂತದ ದೇವದಾಸಿಯರ ಸಂಘದ ಮುಂದಾಳಾಗಿ ನಾಗರತ್ನಮ್ಮ ಸರಕಾರಕ್ಕೆ ಮನವಿ ಕೊಟ್ಟರು. ದೇವದಾಸಿಯರೂ ವೇಶ್ಯೆಯರೂ ಒಂದೇ ಅಲ್ಲ, ತಮ್ಮ ಕಲೆಯನ್ನೂ ಆಸ್ತಿಯ ಹಕ್ಕನ್ನೂ ಒಟ್ಟಿಗೆ ಅಳಿಸಬಾರದು ಎಂಬುದು ಅದರ ತಿರುಳು. ಇಬ್ಬರೂ ದೇವದಾಸಿ ತಾಯಂದಿರ ಮಕ್ಕಳು. ಒಬ್ಬರಿಗೆ ಆ ಮನೆತನದಲ್ಲಿ ಕಂಡದ್ದು ವಿದ್ಯೆ, ಇನ್ನೊಬ್ಬರಿಗೆ ಕಂಡದ್ದು ಗಾಯ. ರೋಗದ ವಿಷಯದಲ್ಲಿ ಮುತ್ತುಲಕ್ಷ್ಮಿ ಸರಿ. ಮಗುವನ್ನು ಅರ್ಪಿಸುವ ಹಕ್ಕು ಯಾರಿಗೂ ಇಲ್ಲವೆಂಬುದರಲ್ಲಿಯೂ ಅವರೇ ಸರಿ. ಆದರೆ ಒಂದು ಸಮುದಾಯವನ್ನೇ ಬಿದ್ದವರು, ಎತ್ತಬೇಕಾದವರು ಎಂದು ನೋಡುವ ದೃಷ್ಟಿ ಆ ಕಾಲದ ಸುಧಾರಕರಲ್ಲಿ ಇದ್ದೇ ಇತ್ತು, ಮುತ್ತುಲಕ್ಷ್ಮಿ ಅದರಿಂದ ಪೂರ್ತಿ ಹೊರತಾಗಿರಲಿಲ್ಲ. ನಾಗರತ್ನಮ್ಮನವರ ಮನವಿಯಲ್ಲಿದ್ದ ಸ್ವಾಭಿಮಾನದ ಮಾತು ಅಂದು ಯಾರ ಕಿವಿಗೂ ಬೀಳಲಿಲ್ಲ.

1930ರ ಜನವರಿಯಲ್ಲಿ ಮುತ್ತುಲಕ್ಷ್ಮಿ ಅರ್ಪಣೆಯನ್ನೇ ಅಪರಾಧವೆಂದು ಸಾರುವ ಮಸೂದೆಯನ್ನು ತಂದರು. ಮೇ ತಿಂಗಳಲ್ಲಿ ಗಾಂಧಿಯವರ ಬಂಧನವಾಯಿತು. ಅದನ್ನು ಪ್ರತಿಭಟಿಸಿ ಅವರು ಶಾಸನಸಭೆಗೆ ರಾಜೀನಾಮೆ ಕೊಟ್ಟರು, ಮಸೂದೆ ಅನಾಥವಾಯಿತು. ಮೂರು ವರ್ಷ ಬೆಳೆಸಿದ ಕೆಲಸವನ್ನು ಕೊನೆಯ ಮೆಟ್ಟಿಲಲ್ಲಿ ಬಿಟ್ಟದ್ದು ಸರಿಯೇ ಎಂಬ ಪ್ರಶ್ನೆಯನ್ನು ಅವರ ಅಭಿಮಾನಿಗಳು ಕೇಳುವುದಿಲ್ಲ. ಕೇಳಬಹುದಾದ ಪ್ರಶ್ನೆ ಅದು. ಕಾಯ್ದೆಯಾಗಲು ಮತ್ತೆ ಹದಿನೇಳು ವರ್ಷ ಬೇಕಾದವು. ರಾಜೀನಾಮೆಯ ಬೆನ್ನಿಗೇ ಇನ್ನೊಂದು ಕೆಲಸ ಅವರ ಮನೆಯ ಬಾಗಿಲನ್ನು ತಟ್ಟಿತು. ಆ ಕಟ್ಟಿನಿಂದ ಬಿಡಿಸಿಕೊಂಡು ಬಂದ ಕೆಲವು ಹುಡುಗಿಯರಿಗೆ ಮದರಾಸಿನ ವಿದ್ಯಾರ್ಥಿನಿಲಯಗಳಲ್ಲಿ ಜಾಗ ಸಿಗಲಿಲ್ಲ. ಅವರನ್ನು ತಮ್ಮ ಮನೆಯಲ್ಲೇ ಇರಿಸಿಕೊಂಡು ಆರಂಭಿಸಿದ್ದು ಅವ್ವೈ ಹೋಂ. ಮುಂದೆ ಅಡಯಾರಿನಲ್ಲಿ ಅದು ಶಾಲೆಯಾಗಿ, ಶಿಕ್ಷಕಿಯರ ತರಬೇತಿಯ ಸ್ಥಳವಾಗಿ ಬೆಳೆಯಿತು.

ಅದೇ 1930ರಲ್ಲಿ ಮದರಾಸು ಸಭೆ ಅನೈತಿಕ ವ್ಯಾಪಾರ ತಡೆ ಕಾಯ್ದೆಯನ್ನು ಅಂಗೀಕರಿಸಿತ್ತು. ವೇಶ್ಯಾಗೃಹ ನಡೆಸುವವರನ್ನೂ ಹುಡುಗಿಯರನ್ನು ತಂದು ಮಾರುವವರನ್ನೂ ಶಿಕ್ಷಿಸುವ ಉದ್ದೇಶದ ಇಂಥ ಕಾಯ್ದೆಗಳ ಆಚರಣೆಯಲ್ಲಿ ಪೊಲೀಸರ ಕೈಗೆ ಮೊದಲು ಸಿಗುವವಳು ಹೆಂಗಸೇ. ದೇವದಾಸಿ ಅರ್ಪಣೆ ನಿಷೇಧ ಕಾಯ್ದೆ 1947ರ 31ನೆಯ ಕಾಯ್ದೆಯಾಗಿ ಬಂದಿತು. ಅಷ್ಟರಲ್ಲಿ ರೋಗದ ಕಥೆಯೇ ಬದಲಾಗಿತ್ತು. 1943ರಲ್ಲಿ ಅಮೆರಿಕದ ಮಹೋನಿ ಎಂಬ ವೈದ್ಯರು ಸಿಫಿಲಿಸ್ ಪೆನಿಸಿಲಿನ್ನಿಗೆ ಮಣಿಯುತ್ತದೆಂದು ತೋರಿಸಿದರು. ವಾರಗಟ್ಟಲೆ ಪಾಷಾಣದ ಸೂಜಿ ಚುಚ್ಚಿಸಿಕೊಳ್ಳಬೇಕಾಗಿದ್ದ ಬೇನೆಗೆ ಇಂದು, ಆರಂಭದ ಹಂತದಲ್ಲಿ, 24 ಲಕ್ಷ ಯೂನಿಟ್ ಬೆಂಜಥೀನ್ ಪೆನಿಸಿಲಿನ್ನಿನ ಒಂದೇ ಬಾರಿಯ ಚಿಕಿತ್ಸೆ ಸಾಕು. ಬಸುರಿಗೆ ಸಕಾಲದಲ್ಲಿ ಕೊಟ್ಟರೆ ಹೊಟ್ಟೆಯ ಕೂಸೂ ಉಳಿಯುತ್ತದೆ. ಗಂಡನಿಗೂ ಚಿಕಿತ್ಸೆಯಾಗದಿದ್ದರೆ ಮಾತ್ರ ಅದು ಮತ್ತೆ ಬರುತ್ತದೆ. ಕ್ರಿಮಿಗೆ ಮದ್ದು ಸಿಕ್ಕಿತು, ಗಂಡನನ್ನು ಆಸ್ಪತ್ರೆಗೆ ಕರೆತರುವ ಮದ್ದು ಇನ್ನೂ ಸಿಕ್ಕಿಲ್ಲ.

ಬಸವಿ ಪದ್ಧತಿ 1947ರಲ್ಲಿ ನಿಲ್ಲಲಿಲ್ಲ. ಅದರ ಬೇರು ಭಕ್ತಿಯಲ್ಲಿ ಎಷ್ಟಿತ್ತೋ ಆಸ್ತಿಯಲ್ಲಿಯೂ ಅಷ್ಟೇ ಇತ್ತು. ಮಗಳಿಗೆ ಮಗಳಾಗಿಯೇ ಪಾಲು ಸಿಗುವ ನಾಡಿನಲ್ಲಿ ಅವಳನ್ನು ಮಗನನ್ನಾಗಿ ಮಾಡುವ ಅಗತ್ಯ ಬೀಳುವುದಿಲ್ಲ. ಒಟ್ಟು ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿ ಆಂಧ್ರಪ್ರದೇಶದಲ್ಲಿ ಬಂದದ್ದು 1986ರಲ್ಲಿ. 1988ರಲ್ಲಿ ಬಂದ ದೇವದಾಸಿ ಅರ್ಪಣೆ ನಿಷೇಧ ಕಾಯ್ದೆ ಬಸವಿ, ಜೋಗಿನಿ, ಮಾತಮ್ಮ ಮೊದಲಾದ ಹೆಸರುಗಳನ್ನು ಹೆಸರಿಸಿಯೇ ಒಳಗೊಂಡಿತು. ಮದರಾಸಿನ ಶಾಸನಸಭೆಗೆ ಸರಿಯಾಗಿ ಕಾಣದಿದ್ದ ಬಸವಿ ಅರುವತ್ತು ವರ್ಷಗಳ ನಂತರ ಕಾಯ್ದೆಯ ಪುಟದಲ್ಲಿ ಕಾಣಿಸಿಕೊಂಡಳು. ಎರಡೂ ಕಾಯ್ದೆಗಳ ಕಾಲದಲ್ಲಿ ಮುಖ್ಯಮಂತ್ರಿಯಾಗಿದ್ದ ಎನ್.ಟಿ. ರಾಮರಾವ್ ಹಿಂದೂಪುರದ ಶಾಸಕರೂ ಆಗಿದ್ದರೆಂಬುದನ್ನು ಇಲ್ಲಿಯವರು ನೆನೆಯಬಹುದು. ಕರ್ನಾಟಕ 1982ರಲ್ಲಿಯೇ ಅಂಥದೊಂದು ಕಾಯ್ದೆಯನ್ನು ಮಾಡಿತ್ತು.

ಮುತ್ತುಲಕ್ಷ್ಮಿ ಇದನ್ನೆಲ್ಲ ನೋಡಲು ಇರಲಿಲ್ಲ. ಕ್ಯಾನ್ಸರಿನಿಂದ ಕಣ್ಣೆದುರಿಗೇ ತೀರಿಕೊಂಡ ತಂಗಿಯ ನೆನಪಿನಿಂದ ಅವರು ಮುದಿವಯಸ್ಸನ್ನು ಅಡಯಾರಿನ ಕ್ಯಾನ್ಸರ್ ಆಸ್ಪತ್ರೆಗೆ ಮುಡಿಪಾಗಿಟ್ಟರು. 1952ರಲ್ಲಿ ನೆಹರೂ ಶಂಕುಸ್ಥಾಪನೆ ಮಾಡಿದ ಅದು 1954ರಲ್ಲಿ ಕೆಲಸ ಆರಂಭಿಸಿತು, ಮಗ ಡಾ. ಕೃಷ್ಣಮೂರ್ತಿ ಅದನ್ನು ಮುಂದೆ ನಡೆಸಿದರು. ರಾಯಲಸೀಮೆಯಿಂದ ಎಷ್ಟೋ ಮಂದಿ ಇಂದಿಗೂ ಅಲ್ಲಿಗೆ ಹೋಗುತ್ತಾರೆ. 1956ರಲ್ಲಿ ಪದ್ಮಭೂಷಣ ಬಂದಿತು. 1968ರ ಜುಲೈ 22ರಂದು, ಎಂಬತ್ತೆರಡು ತುಂಬಲು ಎಂಟು ದಿನ ಇರುವಾಗ, ಅವರು ತೀರಿಕೊಂಡರು.

ಅವರು ಓದಿದ ಕಾಲೇಜಿಗೆ ಈ ಕಥೆಯಲ್ಲಿ ಇನ್ನೊಂದು ಪಾತ್ರವಿದೆ. 1986ರಲ್ಲಿ ಮದರಾಸು ವೈದ್ಯಕೀಯ ಕಾಲೇಜಿನ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಭಾರತದಲ್ಲಿ ಮೊದಲ ಬಾರಿಗೆ ಎಚ್‌ಐವಿ ಸೋಂಕನ್ನು ಪತ್ತೆ ಹಚ್ಚಿದರು. ರಕ್ತ ಕೊಟ್ಟವರು ಬೀದಿಗಳಲ್ಲಿ ಹಿಡಿದು ತಂದು ಮಹಿಳಾ ಗೃಹದಲ್ಲಿ ಇರಿಸಿದ್ದ ಹೆಂಗಸರು. ಪರೀಕ್ಷೆಗೆ ಮೊದಲು ಒಡ್ಡಿಕೊಂಡವರು ಮತ್ತೆ ಅವರೇ, ಗಿರಾಕಿಗಳಲ್ಲ. ಅದಾದ ಮೇಲಿನ ದಶಕಗಳಲ್ಲಿ ಎಚ್‌ಐವಿ ನಮ್ಮ ಜಿಲ್ಲೆಗೂ ಬಂದಿತು. ಬತ್ತಲಪಲ್ಲಿ, ಕಲ್ಯಾಣದುರ್ಗ, ಕಣೇಕಲ್ಲುಗಳಲ್ಲಿ ಆರ್‌ಡಿಟಿ ಸಂಸ್ಥೆಯ ಆಸ್ಪತ್ರೆಗಳು ಎದ್ದವು. ಬತ್ತಲಪಲ್ಲಿಯ ಸಾಂಕ್ರಾಮಿಕ ರೋಗ ವಿಭಾಗದ ಎಚ್‌ಐವಿ ಅಧ್ಯಯನಗಳು ಹೊರದೇಶಗಳ ವೈದ್ಯಪತ್ರಿಕೆಗಳಲ್ಲಿ ಪ್ರಕಟವಾದವು. ಸರಕಾರಿ ಆಸ್ಪತ್ರೆಗಳಲ್ಲಿ ಲೈಂಗಿಕ ರೋಗಗಳ ಚಿಕಿತ್ಸೆಗೆಂದೇ ಇರುವ ಕೋಣೆಗೆ ಈಗ ಸುರಕ್ಷಾ ಕ್ಲಿನಿಕ್ ಎಂಬ ಫಲಕವಿರುತ್ತದೆ. ಅಲ್ಲಿ ಪರೀಕ್ಷೆಯೂ ಮದ್ದೂ ಉಚಿತ, ಹೆಸರು ಗುಟ್ಟಾಗಿರುತ್ತದೆ. ಬಸುರಿಯರಿಗೆ ಮೊದಲ ಭೇಟಿಯಲ್ಲೇ ಎಚ್‌ಐವಿ ಮತ್ತು ಸಿಫಿಲಿಸ್ ಎರಡಕ್ಕೂ ರಕ್ತ ಪರೀಕ್ಷೆ ಮಾಡುವುದು ಇಂದಿನ ನಿಯಮ. ಬೆರಳ ತುದಿಯ ಒಂದು ಹನಿ ರಕ್ತ ಸಾಕು, ಅರ್ಧ ಗಂಟೆಯೊಳಗೆ ಫಲಿತಾಂಶ ತಿಳಿಯುತ್ತದೆ. ಅಗಳಿ, ರೊಳ್ಳ, ಅಮರಾಪುರಗಳ ಕನ್ನಡದ ಹೆಣ್ಣುಮಕ್ಕಳು ಆ ಪರೀಕ್ಷೆ ಯಾವುದಕ್ಕೆಂದು ಆಶಾ ಕಾರ್ಯಕರ್ತೆಯನ್ನು ತಮ್ಮ ಭಾಷೆಯಲ್ಲೇ ಕೇಳಬಹುದು, ಗಂಡನದೂ ಆಯಿತೇ ಎಂದೂ ಕೇಳಬಹುದು.